ದ್ಯುತಿಸಂಶ್ಲೇಷಣೆಯ ಬೋಧನೆ: ಒಂದು ಐತಿಹಾಸಿಕ ವಿವೇಚನೆ

ಹಸಿರು ಸಸ್ಯಗಳು ಸೂರ್ಯನ ಬೆಳಕಿನ ನೆರವಿನಿಂದ, ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನೂ ನೆಲದೊಳಗಿನ ನೀರನ್ನೂ ಕೂಡಿಸಿ ತಮ್ಮ ಆಹಾರವನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತವೆಂಬುದು ನಮ್ಮ ಶಾಲೆಗಳ ಬಾಲಕರಿಗೂ ಬಾಯಿಪಾಠವಾಗಿರುವ ಮಾತು. ಆದರೆ ಹೀಗೆ ಒಪ್ಪಿಸಿದ ವಿದ್ಯಾರ್ಥಿಯನ್ನೇ ಹೊಲದ ಬದುವಿನ ಮೇಲೆ ನಿಲ್ಲಿಸಿ, ‘ಎದೆಯೆತ್ತರ ಬೆಳೆದ ಈ ಜೋಳದ ದಂಟಿನ ತೂಕವೆಲ್ಲ ಎಲ್ಲಿಂದ ಬಂದಿತು?’ ಎಂದು ಕೇಳಿದರೆ, ‘ಮಣ್ಣಿನಿಂದ, ಗೊಬ್ಬರದಿಂದ’ ಎಂಬ ಉತ್ತರವೇ ಬಹುಧಾ ಬರುತ್ತದೆ. ಒಂದೇ ತಲೆಯಲ್ಲಿ ಪುಸ್ತಕದ ವಾಕ್ಯ ಒಂದು ಮೂಲೆಯಲ್ಲಿಯೂ, ಹೊಲದ ನಂಬಿಕೆ ಇನ್ನೊಂದು ಮೂಲೆಯಲ್ಲಿಯೂ, ಪರಸ್ಪರ ಪರಿಚಯವಿಲ್ಲದೆ ವಾಸಿಸುತ್ತವೆ. ಪರೀಕ್ಷೆಯ ದಿನ ಮೊದಲನೆಯದು ಹೊರಗೆ ಬರುತ್ತದೆ. ಉಳಿದ ದಿನಗಳಲ್ಲಿ ಎರಡನೆಯದೇ ಆಳುತ್ತದೆ.

ಇತಿಹಾಸದ ಅಧ್ಯಾಪಕನೊಬ್ಬನು ಸಸ್ಯಶಾಸ್ತ್ರದ ಪಾಠದಲ್ಲಿ ಕೈಯಿಕ್ಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ವಿಷಯದಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳಲ್ಲಿ ಹಲವು ಒಂದು ಕಾಲಕ್ಕೆ ವಿದ್ವಾಂಸರು ದೃಢವಾಗಿ ನಂಬಿದ್ದ ಸಿದ್ಧಾಂತಗಳೇ ಆಗಿವೆ. ಅವು ಹೇಗೆ ಹುಟ್ಟಿದವು, ಯಾವ ಪ್ರಮಾಣದಿಂದ ಬಿದ್ದುಹೋದವು ಎಂಬುದು ಇತಿಹಾಸದ ಪ್ರಶ್ನೆ. ಹುಡುಗನ ಬುದ್ಧಿ ಶಾಸ್ತ್ರದ ಇತಿಹಾಸವನ್ನು ಮೆಟ್ಟಲು ಮೆಟ್ಟಲಾಗಿ ಪುನಃ ಹತ್ತಲೇಬೇಕೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವ ಶಿಕ್ಷಣತಜ್ಞರ ಮಾತು ಅತಿಯಾಯಿತೆಂದೇ ನನ್ನ ಎಣಿಕೆ. ಅವನು ಎಲ್ಲಿ ಮುಗ್ಗರಿಸುತ್ತಾನೋ ಅಲ್ಲಿ ಹಿಂದೆ ಯಾರು ಮುಗ್ಗರಿಸಿದ್ದರೆಂದು ತಿಳಿದಿದ್ದರೆ, ಅವನನ್ನು ಎತ್ತಿ ನಿಲ್ಲಿಸುವುದು ಸುಲಭವಾಗುತ್ತದೆ, ಅಷ್ಟೆ.

ಮಣ್ಣೇ ಗಿಡದ ಅನ್ನವೆಂಬ ಭಾವನೆ ನಮ್ಮ ಭಾಷೆಯಲ್ಲಿಯೇ ಬೇರುಬಿಟ್ಟಿದೆ. ಸಂಸ್ಕೃತದಿಂದ ನಮಗೆ ಬಂದ ‘ಪಾದಪ’ ಶಬ್ದಕ್ಕೆ ಕಾಲಿನಿಂದ ಕುಡಿಯುವುದೆಂದು ಅರ್ಥ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಭೃಗು–ಭರದ್ವಾಜರ ಸಂವಾದದಲ್ಲಿ, ತಾವರೆಯ ನಾಳದಿಂದ ನೀರನ್ನು ಹೀರುವಂತೆ ಮರವು ತನ್ನ ಕಾಲುಗಳಿಂದ ನೀರನ್ನು ಹೀರುವುದೆಂದೂ, ಅಗ್ನಿ ವಾಯುಗಳು ಆ ನೀರನ್ನು ಜೀರ್ಣಿಸುವುವೆಂದೂ ಹೇಳಿದೆ. ಕಲ್ಯಾಣದ ಚಾಲುಕ್ಯ ಅರಸನಾದ ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ನಮ್ಮ ನಾಡಿನವರು ಗಿಡಮರಗಳ ಪೋಷಣೆಯನ್ನು ಕುರಿತು ಕನ್ನಡದಲ್ಲಿಯೇ ಶಾಸ್ತ್ರವಾಗಿ ಬರೆದಿಟ್ಟದ್ದು ಹೆಮ್ಮೆಯ ಸಂಗತಿ. ಆದರೆ ಅಗ್ನಿ ಮತ್ತು ವಾಯು ಎಂಬ ಎರಡು ಶಬ್ದಗಳನ್ನು ಹಿಡಿದುಕೊಂಡು, ‘ಅಗ್ನಿಯೆಂದರೆ ಸೂರ್ಯಪ್ರಕಾಶ, ವಾಯುವೆಂದರೆ ಇಂಗಾಲದ ಡೈಆಕ್ಸೈಡ್; ಆದುದರಿಂದ ದ್ಯುತಿಸಂಶ್ಲೇಷಣೆ ನಮ್ಮ ಪೂರ್ವಿಕರಿಗೆ ಗೊತ್ತಿತ್ತು’ ಎಂದು ಸಭೆಗಳಲ್ಲಿ ಸಾರುವುದು ಇತಿಹಾಸವಲ್ಲ. ಮನುಷ್ಯನ ಜಠರದಲ್ಲಿ ಅನ್ನವನ್ನು ಪಚಿಸುವ ಅಗ್ನಿಯನ್ನೇ ಆ ಗ್ರಂಥಕಾರರು ಮರದಲ್ಲಿಯೂ ಕಂಡರು. ಆ ಹೋಲಿಕೆ ತನ್ನಷ್ಟಕ್ಕೇ ಸೊಗಸಾಗಿದೆ. ಅದರ ಮೇಲೆ ಇಲ್ಲದ ಭಾರವನ್ನು ಹೇರಬೇಕಾಗಿಲ್ಲ.

ಯುರೋಪಿನಲ್ಲಿಯೂ ಅರಿಸ್ಟಾಟಲನ ಅನುಯಾಯಿಗಳು ಮಣ್ಣೇ ಗಿಡದ ಜಠರವೆಂದು ಬಗೆದಿದ್ದರು. ಅದನ್ನು ತಕ್ಕಡಿಯಲ್ಲಿಟ್ಟು ತೂಗಿದವನು ಬೆಲ್ಜಿಯಂ ದೇಶದ ವಾನ್ ಹೆಲ್ಮಾಂಟ್. ಅವನು 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟು ಐದು ವರ್ಷ ಬರಿಯ ನೀರೆರೆದನು. ಕೊನೆಯಲ್ಲಿ ಮರದ ತೂಕ 169 ಪೌಂಡು 3 ಔನ್ಸು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸು ಮಾತ್ರ. ಅವನ ಮರಣಾನಂತರ, 1648ರಲ್ಲಿ, ಇದು ಪ್ರಕಟವಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂಬ ಅವನ ನಿರ್ಣಯ ತಪ್ಪು. ಮಣ್ಣಿನಿಂದ ಆಗಲಿಲ್ಲವೆಂಬ ನಿರ್ಣಯ ಸರಿ. ಗಾಳಿಯೂ ಪದಾರ್ಥವೇ, ಅದಕ್ಕೂ ತೂಕವುಂಟು, ಅದರಿಂದ ಮರದ ತುಂಡು ಆಗಬಲ್ಲದು ಎಂಬುದು ಅವನಿಗೆ ಹೊಳೆಯಲಿಲ್ಲ. ‘ಗ್ಯಾಸ್’ ಎಂಬ ಶಬ್ದವನ್ನು ರಸಾಯನಶಾಸ್ತ್ರಕ್ಕೆ ಕೊಟ್ಟವನೂ ಅವನೇ ಎಂಬುದು ಇಲ್ಲಿಯ ವಿಪರ್ಯಾಸ. ನಮ್ಮ ವಿದ್ಯಾರ್ಥಿಗೂ ತೊಡಕಿರುವುದು ಇಲ್ಲಿಯೇ. ಕಣ್ಣಿಗೆ ಕಾಣದ ಗಾಳಿಯಿಂದ ಕೊಡಲಿಗೆ ಜಗ್ಗದ ಜಾಲಿಯ ಬೊಡ್ಡೆ ಆಯಿತೆಂದರೆ ಅವನು ನಂಬಲಾರ. ನಂಬದಿದ್ದುದನ್ನು ಬಾಯಿಪಾಠ ಮಾಡುತ್ತಾನೆ. ಈ ಪ್ರಯೋಗದ ಅಂಕೆಗಳನ್ನು ಹಲಗೆಯ ಮೇಲೆ ಬರೆದು, ಉತ್ತರ ಹೇಳದೆ, ಒಂದು ದಿನ ಹಾಗೆಯೇ ಬಿಟ್ಟರೆ ಆಗುವ ಪ್ರಯೋಜನ ಹತ್ತು ವ್ಯಾಖ್ಯೆಗಳಿಂದ ಆಗಲಿಕ್ಕಿಲ್ಲ.

ಗಾಳಿಯ ಪಾತ್ರ ಬೆಳಕಿಗೆ ಬಂದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಗಿಡ ಮತ್ತೆ ಸರಿಪಡಿಸುವುದನ್ನು 1771ರಲ್ಲಿ ಪ್ರೀಸ್ಟ್ಲಿಯು ಕಂಡನು. ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಈ ಕೆಲಸ ಮಾಡುತ್ತವೆಂದು 1779ರಲ್ಲಿ ಇಂಗನ್‌ಹೌಸ್ ತೋರಿಸಿದನು. ಕೆಟ್ಟ ಗಾಳಿ, ಅಂದರೆ ಇಂಗಾಲದ ಡೈಆಕ್ಸೈಡ್, ಇದ್ದರೇ ಆಮ್ಲಜನಕ ಹೊರಬೀಳುವುದೆಂದು ಜಿನೀವಾದ ಸೆನೆಬಿಯೇ 1782ರಲ್ಲಿಯೂ, ನೀರು ಕೂಡ ಗಿಡದ ಒಣತೂಕಕ್ಕೆ ಸೇರುವುದೆಂದು ಸೋಸ್ಯೂರ್ 1804ರಲ್ಲಿಯೂ ಸಿದ್ಧಪಡಿಸಿದರು.

ಇವರಲ್ಲಿ ಇಂಗನ್‌ಹೌಸನ ಒಂದು ಮಾತು ನಮ್ಮ ತರಗತಿಗಳಲ್ಲಿ ಇನ್ನೂ ಜೀವಂತವಾಗಿದೆ. ರಾತ್ರಿ ಗಿಡಗಳು ಗಾಳಿಯನ್ನು ಕೆಡಿಸುತ್ತವೆಂದು ಆತನು ಎಚ್ಚರಿಸಿದ್ದನು. ರೋಗಿಗಳ ಕೋಣೆಯಿಂದ ಹೂವು ಗಿಡಗಳನ್ನು ಹೊರಗಿಡುವ ಪದ್ಧತಿಗೆ ಇದರಿಂದ ಬಲ ಬಂದಿತು. ಹುಣಸೆಯ ಮರದ ಕೆಳಗೆ ರಾತ್ರಿ ಮಲಗಬಾರದು, ಅಲ್ಲಿ ದೆವ್ವವಿದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಷ್ಟೆ. ‘ದೆವ್ವವಲ್ಲ, ಇಂಗಾಲದ ಡೈಆಕ್ಸೈಡ್’ ಎಂದು ಕೆಲವು ಮಾಸ್ತರರು ತಿದ್ದುತ್ತಾರೆ. ಇದು ಒಂದು ದೆವ್ವವನ್ನು ಓಡಿಸಿ ಇನ್ನೊಂದನ್ನು ಕೂರಿಸಿದಂತೆ. ಬಯಲಿನಲ್ಲಿ ಮರ ಬಿಟ್ಟ ಅನಿಲ ಗಾಳಿಯಲ್ಲಿ ಚದುರಿಹೋಗುತ್ತದೆ. ಕೋಣೆಯಲ್ಲಿ ಒಂದು ಕುಂಡದ ಗಿಡಕ್ಕಿಂತ, ಜೊತೆಗೆ ಮಲಗಿದ ಮನುಷ್ಯನೇ ಎಷ್ಟೋ ಪಾಲು ಹೆಚ್ಚಾಗಿ ಅದನ್ನು ಬಿಡುತ್ತಾನೆ. ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಗಿಡಗಳು ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತವೆ, ರಾತ್ರಿ ಉಸಿರಾಡುತ್ತವೆ’ ಎಂಬ ಜೋಡಿವಾಕ್ಯ ಇದರಿಂದಲೇ ಹುಟ್ಟುತ್ತದೆ. ಗಿಡ ಉಸಿರಾಡುವುದು ಹಗಲಿರುಳೂ. ಹಗಲು ಆ ಕ್ರಿಯೆ ದ್ಯುತಿಸಂಶ್ಲೇಷಣೆಯ ರಭಸದಲ್ಲಿ ಮುಚ್ಚಿಹೋಗುತ್ತದೆ, ಅಷ್ಟೆ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಬ್ಬ ಶೋಧಕನನ್ನು ಸ್ವಲ್ಪ ವಿಸ್ತಾರವಾಗಿ ನೆನೆಯಬೇಕು. ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ ಮೊರೇವಿಯನ್ ಮಿಶನ್ನಿನವನಾಗಿ ತರಂಗಂಬಾಡಿಗೆ ಬಂದು, ಆಮೇಲೆ ಕಂಪನಿ ಸರಕಾರದ ಸಸ್ಯಶಾಸ್ತ್ರಜ್ಞನಾದ ಬೆಂಜಮಿನ್ ಹೇನ್ (1770–1819) ಟಿಪ್ಪುವಿನ ಪತನದ ತರುವಾಯ ಮೆಕೆಂಜಿಯು ಕೈಕೊಂಡ ಮೈಸೂರು ಮೋಜಣಿಯಲ್ಲಿ ಭಾಗವಹಿಸಿದನು. ಬೆಂಗಳೂರಿನ ಲಾಲಬಾಗಿನ ಉಸ್ತುವಾರಿಯೂ ಕೆಲಕಾಲ ಅವನದಾಗಿತ್ತು. ಈತನು 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸಾಯಿಟಿಯ ಉಪಾಧ್ಯಕ್ಷನಾದ ಲ್ಯಾಂಬರ್ಟನಿಗೆ ಒಂದು ಪತ್ರ ಬರೆದನು. ಭಾರತದ ತೋಟಗಳಲ್ಲಿ ಬೆಳೆಯುವ, ನಾವು ಕಾಡುಬಸಳೆಯೆನ್ನುವ, ಎಲೆಯ ಅಂಚಿನಿಂದಲೇ ಸಸಿ ಮೂಡುವ ಆ ಗಿಡದ ಎಲೆಯನ್ನು ಮುಂಜಾನೆ ಅಗಿದು ನೋಡಿದರೆ ಬಲು ಹುಳಿ; ಹೊತ್ತೇರಿದಂತೆ ಹುಳಿ ಇಳಿಯುತ್ತ ನಡುಹಗಲಿಗೆ ಸಪ್ಪಗಾಗುತ್ತದೆ; ಸಂಜೆಗೆ ತುಸು ಕಹಿಯೆನಿಸುತ್ತದೆ. ಪತ್ರದ ತಿರುಳು ಇಷ್ಟೇ. 1815ರಲ್ಲಿ ಅದು ಆ ಸಂಸ್ಥೆಯ ವರದಿಗಳಲ್ಲಿ ಅಚ್ಚಾಯಿತು.

ನಾಲಗೆಯೊಂದನ್ನೇ ಉಪಕರಣವಾಗಿಟ್ಟುಕೊಂಡು ಮಾಡಿದ ಈ ಶೋಧದ ಪೂರ್ಣಾರ್ಥ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾದವು. ಇಂಥ ಮಾಂಸಲವಾದ ಎಲೆಯ ಗಿಡಗಳು ನೀರನ್ನು ಉಳಿಸಿಕೊಳ್ಳಲು ಹಗಲು ತಮ್ಮ ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಮುಂಜಾನೆಯ ಹುಳಿಗೆ ಇದೇ ಕಾರಣ. ಹಗಲು ಬೆಳಕು ಬಂದಾಗ ಆ ಆಮ್ಲವನ್ನೊಡೆದು ಸಕ್ಕರೆಯನ್ನು ಕಟ್ಟುತ್ತವೆ. ಆದರೆ ಹೇನ್ ಕೊಟ್ಟ ವಿವರಣೆಯೇ ಬೇರೆ. ಗಿಡವು ರಾತ್ರಿ ಆಮ್ಲಜನಕವನ್ನು ಹೀರಿ ಹುಳಿಯಾಗುತ್ತದೆ, ಹಗಲು ಅದನ್ನು ಬಿಟ್ಟು ಸಪ್ಪಗಾಗುತ್ತದೆ ಎಂದು ಅವನು ಭಾವಿಸಿದನು. ಏಕೆಂದರೆ ಹುಳಿಯೆಲ್ಲವೂ ಈ ಒಂದು ವಾಯುವಿನಿಂದ ಹುಟ್ಟುವುದೆಂದು ಲವಾಸಿಯೇ ಕಲಿಸಿದ್ದನು. ಆ ವಾಯುವಿಗೆ ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಹೆಸರಿಟ್ಟವನೂ ಅವನೇ. ಆ ಸಿದ್ಧಾಂತ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿಯೇ ಬಿದ್ದುಹೋಯಿತು. ಹೆಸರು ಮಾತ್ರ ಉಳಿದು, ಕನ್ನಡಕ್ಕೆ ‘ಆಮ್ಲಜನಕ’ವಾಗಿ ಬಂದಿತು. ಇಂದು ಹುಡುಗನೊಬ್ಬನು ಆಮ್ಲಜನಕವಿದ್ದಲ್ಲಿ ಹುಳಿಯಿರಬೇಕೆಂದು ಊಹಿಸಿದರೆ ಅವನ ವ್ಯಾಕರಣ ಸರಿಯಾಗಿಯೇ ಇದೆ. ಶಬ್ದವೇ ಅವನನ್ನು ದಾರಿ ತಪ್ಪಿಸಿದೆ. ಪರಿಭಾಷೆಯನ್ನು ಕಲಿಸುವಾಗ ಅದರ ಚರಿತ್ರೆಯನ್ನು ಎರಡು ಮಾತಿನಲ್ಲಾದರೂ ಹೇಳಬೇಕೆನ್ನುವುದು ಇದಕ್ಕಾಗಿ.

ಹೇನನ ಪ್ರಯೋಗವನ್ನು ಯಾವ ಕಾಲೇಜಿನಲ್ಲಾದರೂ ಬಿಡಿಕಾಸಿನ ಖರ್ಚಿಲ್ಲದೆ ಮಾಡಬಹುದು. ಈ ಗಿಡದಲ್ಲಿ ದನಗಳಿಗೆ ಅಪಾಯಕರವಾದ ವಿಷದ್ರವ್ಯಗಳಿರುವುದರಿಂದ ವಿದ್ಯಾರ್ಥಿಗಳ ನಾಲಗೆಯನ್ನು ಬಳಸಬಾರದೆಂಬುದೊಂದು ಎಚ್ಚರ. ಮುಂಜಾನೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಎಲೆಯ ರಸವನ್ನು ಹಿಂಡಿ ಪಿ.ಎಚ್. ಕಾಗದದಿಂದ ನೋಡಿದರೆ ಸಾಕು. ‘ರಾತ್ರಿ ಗಿಡ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ’ ಎಂಬ ಸೂತ್ರವನ್ನೇ ಗಟ್ಟಿಮಾಡಿದವನಿಗೆ ಅದನ್ನು ರಾತ್ರಿಯೇ ಹೀರುವ ಗಿಡವೂ ಇದೆಯೆಂದು ಕಂಡಾಗ ಆಗುವ ಬೆರಗು ಕಲಿಕೆಯ ಮೊದಲ ಮೆಟ್ಟಲು.

ಇನ್ನು ಈ ವಿದ್ಯೆ ನಮ್ಮ ಭಾಗಕ್ಕೆ ಯಾವ ಭಾಷೆಯಲ್ಲಿ ಬಂದಿತೆಂಬುದನ್ನು ನೋಡೋಣ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಣವರೆಗೆ ಮರಾಠಿಯದೇ ಪ್ರಾಬಲ್ಯ. ಅದನ್ನು ಹಿಂದೆಗೆಸಿ ಕನ್ನಡ ಶಾಲೆಗಳನ್ನೂ ಕನ್ನಡ ಶಿಕ್ಷಕರನ್ನೂ ಕಟ್ಟಿದ ಕೀರ್ತಿ ಡೆಪ್ಯುಟಿ ಚನ್ನಬಸಪ್ಪನವರಿಗೂ (1834–1881), ಶಿಕ್ಷಣಾಧಿಕಾರಿ ರಸೆಲ್ ಸಾಹೇಬರಿಗೂ ಸಲ್ಲುತ್ತದೆ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಉಚ್ಚ ಶಿಕ್ಷಣಕ್ಕೆ ಮಾತ್ರ ಇಲ್ಲಿಯ ತರುಣರು ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಆ ಕಷ್ಟ ತಪ್ಪಿತು. ಅದೇ ವರ್ಷ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಮ್ಮ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಹೈಡ್ರಿಲ್ಲಾ ಎಂಬ ಕೆರೆಯ ಗಿಡ ಬಿಡುವ ಆಮ್ಲಜನಕದ ಒಂದೊಂದು ಗುಳ್ಳೆಯನ್ನೂ ತಾನಾಗಿಯೇ ದಾಖಲಿಸುವ ಯಂತ್ರವನ್ನು ರಚಿಸಿ, ಅದರಿಂದ ಪಡೆದ ಫಲಿತಗಳನ್ನು 1924ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಆಲಿಕೆಯ ಕೆಳಗೆ ಹೈಡ್ರಿಲ್ಲಾ ಇಟ್ಟು ಗುಳ್ಳೆ ಎಣಿಸುವ ವಿದ್ಯಾರ್ಥಿಗಳಿಗೆ, ಒಬ್ಬ ಭಾರತೀಯನು ಇದೇ ಗಿಡದ ಮೇಲೆ ದುಡಿದಿದ್ದನೆಂದು ಹೇಳುವವರು ವಿರಳ.

ಆದರೆ ಕಾಲೇಜಿನ ಬಾಗಿಲಲ್ಲಿ ಕನ್ನಡವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಒಳಗೆ ಹೋಗುವ ಪದ್ಧತಿ ಆಗಲೇ ಬೇರೂರಿತು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ಕಾಲೇಜಿನ ಹೊರಗೆ, ಪತ್ರಿಕೆ ಮತ್ತು ಗ್ರಂಥಗಳ ಮೂಲಕ, ಕೆಲವರು ಹೊತ್ತರು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅದು ಎರಡು ವರ್ಷಕ್ಕೆ ನಿಂತಿತು. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿಯೂ, ‘ವಿಜ್ಞಾನ ಪ್ರಪಂಚ’ದ ಸಂಪುಟಗಳು 1959ರಿಂದ ಮುಂದೆಯೂ ಬಂದವು. ಧಾರವಾಡದಲ್ಲಿ 1947ರಲ್ಲಿ ಕೃಷಿ ಕಾಲೇಜು ತೆರೆಯಿತು. 1949ರ ಕಾಯಿದೆಯಂತೆ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು 1950ರಲ್ಲಿ ಮುಂಬಯಿಯಿಂದ ಇಲ್ಲಿಗೆ ಬಂದಿತು. ಸಸ್ಯಗಳನ್ನು ಕುರಿತು ಅಚ್ಚ ಶಾಸ್ತ್ರಜ್ಞನೊಬ್ಬನು ಕನ್ನಡದಲ್ಲಿ ರಸವತ್ತಾಗಿ ಬರೆಯಬಲ್ಲನೆಂಬುದನ್ನು ಬಿ. ಜಿ. ಎಲ್. ಸ್ವಾಮಿಯವರು 1976ರ ‘ಹಸುರು ಹೊನ್ನು’ವಿನಲ್ಲಿ ತೋರಿಸಿಕೊಟ್ಟರು. ಇಷ್ಟಾದರೂ ಹತ್ತನೆಯ ಇಯತ್ತೆಯವರೆಗೆ ‘ದ್ಯುತಿಸಂಶ್ಲೇಷಣೆ’ಯನ್ನು ಕಲಿತ ಹುಡುಗ ಮರುವರ್ಷವೇ ‘ಫೋಟೊಸಿಂಥೆಸಿಸ್’ ಎಂಬ ಹೊಸ ವಿಷಯವೊಂದಿದೆಯೆಂದು ತಿಳಿದು ಮೊದಲಿನಿಂದ ಗಟ್ಟಿಮಾಡತೊಡಗುತ್ತಾನೆ. ಎರಡೂ ಶಬ್ದಗಳ ರಚನೆ ಒಂದೇ: ಬೆಳಕು ಮತ್ತು ಕೂಡಿಸುವಿಕೆ. ಇಂಗ್ಲಿಷ್ ಶಬ್ದವೂ ಪುರಾತನವಾದುದಲ್ಲ. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ‘ಅಸಿಮಿಲೇಶನ್’ ಪ್ರಾಣಿಗಳ ಆಹಾರಗ್ರಹಣಕ್ಕೂ ಸಲ್ಲುತ್ತಿದ್ದುದರಿಂದ ಗೊಂದಲವಾಗಿ, 1893ರಲ್ಲಿ ಅಮೆರಿಕದ ಚಾರ್ಲ್ಸ್ ಬಾರ್ನ್ಸನು ಹೊಸ ಹೆಸರು ಬೇಕೆಂದನು. ಅವನ ಒಲವು ‘ಫೋಟೊಸಿಂಟ್ಯಾಕ್ಸ್’ ಕಡೆಗಿತ್ತು. ವಿದ್ವಜ್ಜನರು ಇನ್ನೊಂದನ್ನು ಆಯ್ದುಕೊಂಡರು. ಪರಿಭಾಷೆ ಆಕಾಶದಿಂದ ಬೀಳುವುದಿಲ್ಲ, ಇಂಗ್ಲಿಷಿನಲ್ಲಿಯೂ ಅದನ್ನು ಕೂತು ಕಟ್ಟಿದ್ದಾರೆ ಎಂದು ತಿಳಿದರೆ ನಮ್ಮ ವಿದ್ಯಾರ್ಥಿಯ ಅಂಜಿಕೆ ಎಷ್ಟೋ ಇಳಿದೀತು.

ಪಾಠದ ಕ್ಲಿಷ್ಟಭಾಗಕ್ಕೆ ಬರೋಣ. ಹೊರಬೀಳುವ ಆಮ್ಲಜನಕ ಎಲ್ಲಿಯದು? ಇಂಗಾಲದ ಡೈಆಕ್ಸೈಡ್ ಒಡೆದು ಬಂದುದೆಂದು ವಿದ್ಯಾರ್ಥಿಗಳು ಹೇಳುತ್ತಾರೆ. ಒಂದೂವರೆ ಶತಮಾನ ಕಾಲ ಶಾಸ್ತ್ರಜ್ಞರೂ ಬಹುತೇಕ ಹಾಗೆಯೇ ಹೇಳಿದ್ದರು. ಗಂಧಕದ ಬ್ಯಾಕ್ಟೀರಿಯಗಳು ಬೆಳಕಿನಲ್ಲಿ ಆಹಾರ ಕಟ್ಟುವಾಗ ನೀರಿನ ಬದಲು ಹೈಡ್ರೋಜನ್ ಸಲ್ಫೈಡನ್ನು ಬಳಸಿ, ಆಮ್ಲಜನಕದ ಬದಲು ಗಂಧಕವನ್ನು ಬಿಡುವುದನ್ನು ಕಂಡ ವಾನ್ ನೀಲ್, ಹಸಿರು ಗಿಡಗಳಲ್ಲಿ ಒಡೆಯುವುದು ನೀರೇ ಇರಬೇಕೆಂದು 1930ರ ದಶಕದಲ್ಲಿ ತರ್ಕಿಸಿದನು. ಅದೇ ದಶಕದ ಕೊನೆಗೆ ರಾಬರ್ಟ್ ಹಿಲ್, ಎಲೆಯಿಂದ ಬೇರ್ಪಡಿಸಿದ ಹರಿತ್ತಿನ ಕಣಗಳು ಇಂಗಾಲದ ಡೈಆಕ್ಸೈಡಿಲ್ಲದೆಯೂ, ಬೇರೊಂದು ತಕ್ಕ ದ್ರವ್ಯವನ್ನು ಒದಗಿಸಿದರೆ, ಆಮ್ಲಜನಕ ಬಿಡುವುದನ್ನು ತೋರಿಸಿದನು. 1941ರಲ್ಲಿ ರೂಬೆನ್, ಕೇಮನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕದಿಂದ ಗುರುತಿಸಿದ ನೀರನ್ನು ಬಳಸಿ, ಹೊರಬಂದುದು ನೀರಿನ ಆಮ್ಲಜನಕವೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಕೊಟ್ಟರು. ಆರು ಇಂಗಾಲದ ಡೈಆಕ್ಸೈಡಿಗೆ ಆರು ನೀರು ಕೂಡಿಸಿ ಬರೆಯುವ ಪುಸ್ತಕದ ಸಮೀಕರಣದಲ್ಲಿ ಈ ಕಥೆಯೆಲ್ಲ ಮರೆಯಾಗಿದೆ. ಹೊರಬೀಳುವ ಹನ್ನೆರಡು ಆಮ್ಲಜನಕ ಪರಮಾಣುಗಳಿಗೆ ಆರು ಅಣು ನೀರು ಸಾಲದೆಂಬುದನ್ನು ವಿದ್ಯಾರ್ಥಿಯೇ ಎಣಿಸಿ ಕಾಣಬೇಕು. ಹನ್ನೆರಡು ಅಣು ನೀರು ಒಡೆಯುತ್ತದೆ, ಹೊಸದಾಗಿ ಆರು ಅಣು ನೀರು ಆಗುತ್ತದೆಂದು ಆಗ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಇದೇ ರೀತಿ ‘ಕತ್ತಲೆಯ ಕ್ರಿಯೆ’ಯೆಂಬ ಹೆಸರು ಮಾಡಿದ ಹಾನಿ ಅಲ್ಪವಲ್ಲ. ಬೆಳಕನ್ನು ಹೆಚ್ಚಿಸಿದರೂ ಒಂದು ಮಿತಿಯಾಚೆ ವೇಗ ಹೆಚ್ಚದೆ, ಉಷ್ಣತೆಯನ್ನು ಅನುಸರಿಸುವ ಭಾಗವೊಂದಿದೆಯೆಂದು 1905ರಲ್ಲಿ ಬ್ಲ್ಯಾಕ್‌ಮನ್ ತೋರಿಸಿದನು. ಇಂಗಾಲದಿಂದ ಸಕ್ಕರೆಯಾಗುವ ಆ ಸರಣಿಯನ್ನು ಕ್ಯಾಲ್ವಿನ್, ಬೆನ್ಸನ್ ಮೊದಲಾದವರು ವಿಕಿರಣಶೀಲ ಇಂಗಾಲದಿಂದ ಬಿಡಿಸಿದರು. ಕ್ಯಾಲ್ವಿನ್ನನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಸರಣಿಗೆ ನೇರವಾಗಿ ಬೆಳಕು ಬೇಡ ನಿಜ. ಆದರೆ ಬೆಳಕಿನಿಂದ ಒದಗುವ ಶಕ್ತಿ ನಿಂತರೆ ಅದೂ ನಿಲ್ಲುತ್ತದೆ. ಅದು ನಡೆಯುವುದು ಹಗಲಿನಲ್ಲಿಯೇ. ಹೆಸರನ್ನು ನಂಬಿದ ಹುಡುಗ ಅದನ್ನು ಮಧ್ಯರಾತ್ರಿಗೆ ಇಡುತ್ತಾನೆ.

ಪ್ರಯೋಗಗಳಲ್ಲಿ ನಮ್ಮ ಸುತ್ತಲಿನ ಬೆಳೆಗಳಿಗೆ ಸ್ಥಾನ ಕಡಿಮೆ. ಎಲೆಯ ಒಂದು ಭಾಗವನ್ನು ಕರಿಯ ಕಾಗದದಿಂದ ಮುಚ್ಚಿ, ಬಿಸಿಲಿಗಿಟ್ಟು, ಆಲ್ಕೊಹಾಲಿನಲ್ಲಿ ಬಣ್ಣ ತೆಗೆದು, ಅಯೋಡಿನ್ ಹಾಕಿ ನೀಲಿಯನ್ನು ನೋಡುವ ಪ್ರಯೋಗ ಸಾಕ್ಸ್ ಎಂಬ ಜರ್ಮನ್ ಶಾಸ್ತ್ರಜ್ಞನು 1860ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ ಬಂದುದು. ಅದನ್ನು ನಮ್ಮ ಉಳ್ಳಾಗಡ್ಡಿಯ ಎಲೆಯ ಮೇಲೆ ಮಾಡಿದರೆ ನೀಲಿ ಮೂಡುವುದಿಲ್ಲ. ಹಾಗಾದರೆ ಉಳ್ಳಾಗಡ್ಡಿ ಆಹಾರ ಮಾಡುವುದಿಲ್ಲವೇ? ಮಾಡುತ್ತದೆ, ಎಲೆಯಲ್ಲಿ ಪಿಷ್ಟವಾಗಿಸದೆ ಸಕ್ಕರೆಯಾಗಿಯೇ ಇಡುತ್ತದೆ. ಅಯೋಡಿನ್ ತೋರುವುದು ಪಿಷ್ಟವನ್ನೇ ಹೊರತು ದ್ಯುತಿಸಂಶ್ಲೇಷಣೆಯನ್ನಲ್ಲವೆಂಬ ಪ್ರಮಾಣವಿವೇಚನೆ ಈ ‘ಸೋತ’ ಪ್ರಯೋಗದಿಂದಲೇ ಬರುತ್ತದೆ. ಶಾಸನದಲ್ಲಿ ಅರಸನ ಹೆಸರಿಲ್ಲವೆಂದಮಾತ್ರಕ್ಕೆ ಅರಸನೇ ಇರಲಿಲ್ಲವೆನ್ನಬಾರದೆಂದು ನಾವು ಇತಿಹಾಸದ ತರಗತಿಯಲ್ಲಿ ಹೇಳುವ ಮಾತಿಗೂ ಇದಕ್ಕೂ ದೂರವಿಲ್ಲ.

ಜೋಳದ ಎಲೆಯಲ್ಲಿ ಇನ್ನೂ ದೊಡ್ಡ ಪಾಠವಿದೆ. ಅದನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನಾಳಗಳ ಸುತ್ತ ದಪ್ಪ ಹಸಿರು ಕೋಶಗಳು ಹೂಮಾಲೆಯಂತೆ ಸುತ್ತುಗಟ್ಟಿರುವುದು ಕಾಣುತ್ತದೆ. ಹೇಬರ್‌ಲಾಂಟನೆಂಬ ಶಾಸ್ತ್ರಜ್ಞನು 1880ರ ದಶಕದಲ್ಲಿ ಇಂಥ ರಚನೆಗೆ ಜರ್ಮನ್ ಭಾಷೆಯಲ್ಲಿ ‘ಕ್ರಾಂಟ್ಸ್’, ಅಂದರೆ ಮಾಲೆ, ಎಂದು ಹೆಸರಿಟ್ಟನು. ಅದರ ಕೆಲಸವೇನೆಂದು ತಿಳಿಯಲು 1960ರ ದಶಕ ಬರಬೇಕಾಯಿತು. ಹವಾಯಿಯಲ್ಲಿಯೂ, ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕರೂ, ಕಬ್ಬಿನ ಎಲೆಗಳಲ್ಲಿ ಇಂಗಾಲವು ಮೊದಲು ಕ್ಯಾಲ್ವಿನ್ನನ ಮೂರು ಇಂಗಾಲದ ದ್ರವ್ಯಕ್ಕೆ ಹೋಗದೆ ನಾಲ್ಕು ಇಂಗಾಲದ ಆಮ್ಲಗಳಿಗೆ ಹೋಗುವುದನ್ನು ಕಂಡರು. ಆ ಆಮ್ಲಗಳು ಮಾಲೆಯ ಕೋಶಗಳೊಳಗೆ ಇಂಗಾಲದ ಡೈಆಕ್ಸೈಡನ್ನು ಒತ್ತಾಗಿ ತುಂಬುತ್ತವೆ. ಆದುದರಿಂದಲೇ ಜೋಳ, ಗೋವಿನಜೋಳ, ಕಬ್ಬುಗಳು ಬಿಸಿಲು ಹೆಚ್ಚಿದಷ್ಟೂ ಹುರುಪಿನಿಂದ ದುಡಿಯುತ್ತವೆ, ಮಿತವಾಗಿ ನೀರು ಖರ್ಚುಮಾಡುತ್ತವೆ. ಗೋಧಿ, ಕಡಲೆ, ಶೇಂಗಾ, ಹತ್ತಿಗಳಲ್ಲಿ ಈ ಏರ್ಪಾಡಿಲ್ಲ. ಧಾರವಾಡದಿಂದ ನವಲಗುಂದದ ಕಡೆಗೆ ಹೋಗುವ ಎರೆಭೂಮಿಯಲ್ಲಿ ಹಿಂಗಾರಿನ ಜೋಳವೂ ಕಡಲೆಯೂ ಅಕ್ಕಪಕ್ಕದ ಹೊಲಗಳಲ್ಲಿ ನಿಂತಿರುತ್ತವೆ. ಎರಡರಿಂದಲೂ ಒಂದೊಂದು ಎಲೆ ತಂದು, ಒಂದೇ ದಿನ, ಒಂದೇ ಸೂಕ್ಷ್ಮದರ್ಶಕದಲ್ಲಿ ಒಂದಾದಮೇಲೊಂದು ತೋರಿಸಬಹುದು. ಎಲೆಯನ್ನು ಬೆಂಡಿನ ನಡುವೆ ಹಿಡಿದು ಕೊಯ್ಯಲು ಒಂದು ಹರಿತವಾದ ಬ್ಲೇಡು ಬೇಕು. ಹಿಂಗಾರಿನ ಬೆಳೆ ನಿಂತಿರುವ ದಿನಗಳಲ್ಲಿ ಎಲೆಗಳಿಗೆ ಬರವಿಲ್ಲ.